ಒಂದೇ ವರ್ಷದ ಸಂಪ್ರದಾಯ

“ಇದು ಮೊದಲಿಂದಲೂ ನಡ್ಕೊಂಡು ಬಂದಿದೆ.” ಪಿಯು ಕಾಲೇಜಿಗೆ ಹೊಸದಾಗಿ ಸೇರಿದವರು ಜೂನ್ ತಿಂಗಳಲ್ಲಿ ಹೆಚ್ಚಾಗಿ ಕೇಳುವ ಮಾತಿದು. ಸೀನಿಯರ್ ಕಂಡರೆ ಎದ್ದು ನಿಂತು ಸಲಾಂ ಹೇಳಬೇಕು. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಬಾರದು. ಕೇಳಿದಾಗ ಟೀ, ಪಫ್ಸ್ ಕೊಡಿಸಬೇಕು. ‘ಇಂಟ್ರೊ’ ಕೊಡು ಅಂದರೆ ಎಲ್ಲರ ಮುಂದೆ ಹಾಡಬೇಕು. ಏಕೆ ಎಂದರೆ ಉತ್ತರ ಒಂದೇ: ಸಂಪ್ರದಾಯ.

ಈ ಸಂಪ್ರದಾಯಕ್ಕೆ ವಯಸ್ಸೆಷ್ಟು? ಪಿಯುಸಿ ಇರುವುದೇ ಎರಡು ವರ್ಷ. ‘ಮೊದಲಿಂದಲೂ’ ಎನ್ನುವ ಸೀನಿಯರ್ ಕಾಲೇಜಿಗೆ ಬಂದು ಒಂದೇ ವರ್ಷ ಆಗಿರುತ್ತದೆ. ವಾಣಿಜ್ಯ ವಿಭಾಗದ ನನಗೆ ಇದು ತಪ್ಪು ಖಾತೆಗೆ ಬರೆದ ಬಾಕಿಯಂತೆ ಕಾಣುತ್ತದೆ. ಹೋದ ವರ್ಷ ನಮ್ಮಿಂದ ವಸೂಲಿ ಮಾಡಿದವರು ಪಾಸಾಗಿ ಹೋದರು. ಆ ಬಾಕಿಯನ್ನು ಈ ವರ್ಷ, ಸಾಲವನ್ನೇ ಮಾಡದ ಜೂನಿಯರ್‌ನಿಂದ ವಸೂಲಿ ಮಾಡಬೇಕಂತೆ!

ಇದರ ಜೊತೆಗೇ ಹೆಸರಿಡುವ ಚಟ. ಎಚ್.ಡಿ. ಕೋಟೆಯವರು ‘ಕಾಡಿನವರು’, ಪಿರಿಯಾಪಟ್ಟಣದವರು ‘ಹೊಗೆಸೊಪ್ಪು’, ಕಾಮರ್ಸ್‌ನವರು ಸೈನ್ಸ್ ಸಿಗದವರು, ಉರ್ದು ಮನೆಯವರಿಗೆ ಕನ್ನಡ ಬರುವುದಿಲ್ಲ. ಹೋದ ವರ್ಷ ಬಸ್ಸಿನಲ್ಲಿ ನನ್ನಿಂದ ಮೂರು ಸಲ ‘ಬಾಳೆಹಣ್ಣು’ ಎಂದು ಹೇಳಿಸಿದರು. ಮೂರು ಸಲವೂ ಸರಿಯಾಗಿಯೇ ಹೇಳಿದೆ. ಆದರೂ ನಕ್ಕರು. ನಾನು ಬಾಯಿ ತೆರೆಯುವ ಮೊದಲೇ ನಗು ತಯಾರಾಗಿತ್ತು. ಹಾಸನದ ಬಾನು ಮುಷ್ತಾಕ್ ಅವರದೂ ಉರ್ದು ಮಾತಿನ ಮನೆಯೇ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದ ‘ಹಾರ್ಟ್ ಲ್ಯಾಂಪ್’ ಅವರ ಕನ್ನಡ ಕಥೆಗಳ ಅನುವಾದ.

‘ಇದರಿಂದಲೇ ಸಲುಗೆ ಬೆಳೆಯುತ್ತದೆ’ ಎನ್ನುವವರಿದ್ದಾರೆ. ಸಲುಗೆ ನಮಗೆ ಬೇಕು. ಹಳೆಯ ಪ್ರಶ್ನೆಪತ್ರಿಕೆ, ನೋಟ್ಸ್, ಸ್ಕಾಲರ್‌ಶಿಪ್ ಅರ್ಜಿಯ ಮಾಹಿತಿ ಸಿಗುವುದು ಸೀನಿಯರ್‌ಗಳಿಂದಲೇ. ಆದರೆ ಹೆದರಿದವರು ಹತ್ತಿರ ಬಂದು ಸಂಶಯ ಕೇಳುವುದಿಲ್ಲ. ಸಲಾಂ ಎಂದರೆ ‘ನಿಮಗೆ ಶಾಂತಿ ಇರಲಿ’ ಎಂಬ ಹಾರೈಕೆ. ಹೆದರಿಸಿ ಪಡೆದ ಸಲಾಮಿನಲ್ಲಿ ಶಾಂತಿ ಎಲ್ಲಿದೆ? ದೂರದ ಹಳ್ಳಿಯಿಂದಲೋ ಹಾಡಿಯಿಂದಲೋ ಎರಡು ಬಸ್ಸು ಬದಲಿಸಿ ಬರುವವರು ಮನೆಯಲ್ಲಿ ಪಿಯು ಮೆಟ್ಟಿಲು ಹತ್ತಿದ ಮೊದಲಿಗರಿರಬಹುದು. ಅವಮಾನದಿಂದ ಅವರು ಒಂದು ವಾರ ಬಸ್ಸು ಹತ್ತದಿದ್ದರೆ, ಓದು ಅಲ್ಲಿಗೇ ನಿಲ್ಲಬಹುದು. ನಮಗೆ ಐದು ನಿಮಿಷದ ತಮಾಷೆ, ಅವರಿಗೆ ಇಡೀ ಓದು.

ಕಾನೂನಂತೂ ಇದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆ ರ‍್ಯಾಗಿಂಗ್ ಅನ್ನು ಶಿಕ್ಷಾರ್ಹ ಅಪರಾಧ ಎನ್ನುತ್ತದೆ. ತಮಾಷೆಗೆಂದು ಮಾಡಿದರೂ, ವಿದ್ಯಾರ್ಥಿಯ ಘನತೆಗೆ ಕುಂದು ತರುವ ಕೆಲಸ ಮಾಡಿಸಿದರೆ ಅದು ರ‍್ಯಾಗಿಂಗೇ. ಆದರೆ ದೂರು ಕೊಡುವುದು ನೋವಾದ ಮೇಲೆ. ನಿತ್ಯ ಅದೇ ಬಸ್ಸಿನಲ್ಲಿ ಹೋಗಬೇಕಾದವರು ದೂರು ಕೊಡಲು ಹಿಂಜರಿಯುತ್ತಾರೆ. ಆದ್ದರಿಂದ ದೂರಿಗಿಂತ ಮೊದಲು ಮಾತು ಬೇಕು.

ನನ್ನ ಸಲಹೆ ಇಷ್ಟೇ. ತರಗತಿ ಆರಂಭವಾದ ಮೊದಲ ಶನಿವಾರ ಒಂದು ಗಂಟೆ ಪ್ರಥಮ, ದ್ವಿತೀಯ ಪಿಯುನವರು ಒಟ್ಟಿಗೆ ಕೂರೋಣ. ಉಪನ್ಯಾಸಕರೊಬ್ಬರು ಭಾಷಣ ಮಾಡದೆ ಕೇಳಿಸಿಕೊಳ್ಳಲಿ. ನಡೆಯುತ್ತಿರುವ ಒಂದೊಂದು ಪದ್ಧತಿಯನ್ನೂ, ಒಂದೊಂದು ಅಡ್ಡಹೆಸರನ್ನೂ ಬೋರ್ಡಿನ ಮೇಲೆ ಬರೆದು ಮೂರು ಪ್ರಶ್ನೆ ಕೇಳೋಣ. ಶುರು ಮಾಡಿದವರು ಯಾರು? ಇದರಿಂದ ಯಾರಿಗೆ ಉಪಯೋಗ? ಬೇಡ ಎನ್ನಲು ಅವಕಾಶ ಇದೆಯೇ? ನೋಟ್ಸ್ ಕೊಡುವ ಪದ್ಧತಿ ಬೋರ್ಡಿನ ಮೇಲೆ ಉಳಿಯುತ್ತದೆ. ಪಫ್ಸ್ ವಸೂಲಿ ಉಳಿಯುವುದಿಲ್ಲ. ಬರೆಯಲು ನಾಚಿಕೆಯಾಗುವ ಹೆಸರನ್ನು ಕರೆಯುವುದೂ ಬೇಡ.

ಇದು ಕಷ್ಟದ ಕೆಲಸವಲ್ಲ, ಏಕೆಂದರೆ ಪಿಯುಸಿ ಎರಡೇ ವರ್ಷ. ಈ ಸಲದ ಜೂನಿಯರ್‌ಗಳು ಇದನ್ನೆಲ್ಲ ಕಾಣದಿದ್ದರೆ, ಮುಂದಿನ ಜೂನ್‌ನಲ್ಲಿ ‘ಮೊದಲಿಂದಲೂ’ ಎನ್ನಲು ಕಾಲೇಜಿನಲ್ಲಿ ಒಬ್ಬ ಸೀನಿಯರ್ ಕೂಡ ಇರುವುದಿಲ್ಲ.