ತೆಗೆದಿಲ್ಲ, ಒತ್ತಿಟ್ಟಿದ್ದಾರೆ

ಪುಣೆಯ ಆಸ್ಪತ್ರೆಯಿಂದ ಕಲಬುರಗಿಗೋ ವಿಜಯಪುರಕ್ಕೋ ಹೋಗುವ ಫೋನಿನಲ್ಲಿ ಸುದ್ದಿ ಒಂದೇ: ‘ಬ್ಲಾಕ್ ತೆಗದಾರ, ಇನ್ನ ಚಿಂತಿಲ್ಲ.’ ಪಕ್ಕದ ಮಂಚದವರು ಮರಾಠಿಯಲ್ಲಿ ಹೇಳುವುದೂ ‘ಬ್ಲಾಕೇಜ್ ಕಾಢಲೇ’ ಎಂದೇ. ಎರಡೂ ಭಾಷೆಯಲ್ಲಿ ಕ್ರಿಯಾಪದ ತಪ್ಪು. ಆಂಜಿಯೋಪ್ಲಾಸ್ಟಿಯಲ್ಲಿ ಸಾಮಾನ್ಯವಾಗಿ ಏನನ್ನೂ ತೆಗೆಯುವುದಿಲ್ಲ. ಬಲೂನು ಉಬ್ಬಿ, ಕಟ್ಟಿಕೊಂಡ ಕೊಬ್ಬನ್ನು ರಕ್ತನಾಳದ ಗೋಡೆಗೆ ಒತ್ತುತ್ತದೆ. ಸ್ಟೆಂಟ್ ಎಂಬ ಲೋಹದ ಜಾಲರಿ ಅಲ್ಲೇ ಉಳಿದು ನಾಳವನ್ನು ತೆರೆದು ಹಿಡಿಯುತ್ತದೆ.

ಒತ್ತಿಸಿಕೊಂಡ ಗೋಡೆ ಸುಮ್ಮನಿರುವುದಿಲ್ಲ. ಗಾಯ ಮಾಯುವಾಗ ಒಳಗೆ ಹೊಸ ಅಂಗಾಂಶ ಬೆಳೆಯುತ್ತದೆ, ಕೆಲವರಲ್ಲಿ ಅತಿಯಾಗಿ ಬೆಳೆದು ನಾಳ ಮತ್ತೆ ಕಿರಿದಾಗುತ್ತದೆ. ವೈದ್ಯರು ಇದನ್ನು ರೆಸ್ಟೆನೋಸಿಸ್ ಎನ್ನುತ್ತಾರೆ. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಈ ಚಿಕಿತ್ಸೆ ಶುರುಮಾಡಿದ ಮೇಲೆ, ಬರೀ ಬಲೂನಿನ ಕಾಲದಲ್ಲಿ, ಸುಮಾರು ಮೂವರಲ್ಲಿ ಒಬ್ಬರಿಗೆ ತಿಂಗಳುಗಳಲ್ಲೇ ಹೀಗಾಗುತ್ತಿತ್ತು. ಔಷಧ ಲೇಪಿಸಿದ ಸ್ಟೆಂಟುಗಳು ಬಂದು ಪ್ರಮಾಣ ಶೇ. 10ಕ್ಕಿಂತ ಕೆಳಗಿಳಿಯಿತು. ದೊಡ್ಡ ಸಾಧನೆಯೇ. ಆದರೂ ಮೊದಲ ವರ್ಷ ದಾಟಿದ ಮೇಲೂ ವರ್ಷಕ್ಕೆ ಸುಮಾರು ಶೇ. 2ರಷ್ಟು ಮಂದಿಗೆ ಸ್ಟೆಂಟ್ ಇರುವಲ್ಲೇ ತೊಂದರೆ ಕಾಣಿಸಿಕೊಳ್ಳುತ್ತದೆ. ಐವತ್ತಕ್ಕೇ ಹಾಕಿಸಿಕೊಂಡವರು ಇದನ್ನು ಎಪ್ಪತ್ತರವರೆಗೆ ಕೂಡಿಸಿ ನೋಡಲಿ. ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಇನ್ನೂ ಹೆಚ್ಚು.

‘ತೆಗೆದರು’ ಎಂದು ನಂಬಿದವರಿಗೆ ಮಾತ್ರೆ ಯಾಕೆ ಬೇಕು? ತೆಗೆದದ್ದು ಹೋಯಿತಲ್ಲ! ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ಮೊದಲ ತಿಂಗಳುಗಳಲ್ಲೇ ನಿಲ್ಲಿಸಿದರೆ ಸ್ಟೆಂಟ್ ಹಠಾತ್ತನೆ ಮುಚ್ಚಿಕೊಳ್ಳಬಹುದು. ಅದು ನಿಧಾನವಾಗಿ ಕಿರಿದಾಗುವುದಲ್ಲ, ನೇರ ಹೃದಯಾಘಾತ. ಒಂದು ತಪ್ಪು ಕ್ರಿಯಾಪದಕ್ಕೆ ಇಷ್ಟು ಬೆಲೆ.

ಪುಣೆಯಲ್ಲೇ ಕೆಲಸ ಮಾಡುವ ವೈದ್ಯರಾದ ಅರುಣ್ ಗದ್ರೆ ಮತ್ತು ಅಭಯ್ ಶುಕ್ಲಾ 78 ವೈದ್ಯರನ್ನು ಮಾತಾಡಿಸಿ, ಕಮಿಷನ್ ಮತ್ತು ಅನಗತ್ಯ ಚಿಕಿತ್ಸೆಗಳ ಬಗ್ಗೆ 2016ರಲ್ಲಿ ‘ಡಿಸೆಂಟಿಂಗ್ ಡಯಾಗ್ನೋಸಿಸ್’ ಪ್ರಕಟಿಸಿದರು. ಮರುವರ್ಷ ಫೆಬ್ರುವರಿಯಲ್ಲಿ ಸರ್ಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹೇರಿತು. ಬೆಲೆ ಇಳಿಯಿತು, ವಿವರಣೆ ಮಾತ್ರ ಇದ್ದಲ್ಲೇ ಇದೆ. ಹೃದಯಾಘಾತದ ಹೊತ್ತಿನಲ್ಲಿ ಆಂಜಿಯೋಪ್ಲಾಸ್ಟಿ ಜೀವ ಉಳಿಸುತ್ತದೆ, ಆಗ ಚರ್ಚೆಗೆ ಕೂರುವುದು ಮೂರ್ಖತನ. ಆದರೆ ನಡೆದಾಗ ಮಾತ್ರ ಎದೆ ಹಿಡಿಯುವ, ಸ್ಥಿರ ಸ್ಥಿತಿಯ ರೋಗಿಯ ಮಾತು ಬೇರೆ. ಭಾರತವೂ ಸೇರಿ 37 ದೇಶಗಳ 5,179 ರೋಗಿಗಳ ‘ಇಸ್ಕೀಮಿಯಾ’ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅಂಥವರಿಗೆ ಔಷಧದ ಜೊತೆ ಸ್ಟೆಂಟ್ ಅಥವಾ ಬೈಪಾಸ್ ಮೊದಲೇ ಮಾಡಿದರೆ ಎದೆನೋವು ಕಡಿಮೆಯಾಗುತ್ತದೆ, ಒಟ್ಟಾರೆ ಸಾವು ಕಡಿಮೆಯಾಗುವುದಿಲ್ಲ ಎಂದು ಅದು ತೋರಿಸಿತು. ಈ ಮಾತನ್ನು ಸಹಿ ಹಾಕುವ ಮೊದಲು ಎಷ್ಟು ಮಂದಿ ಕೇಳಿಸಿಕೊಂಡಿರುತ್ತಾರೆ?

ರೋಗಿ ಹೆದರುತ್ತಾನೆ, ಸಮಯವಿಲ್ಲ ಎನ್ನುವುದು ಹಳೆಯ ನೆಪ. ಪರದೆಯ ಮೇಲೆ ‘ಮುಂಚೆ ಹೀಗಿತ್ತು, ಈಗ ನೋಡಿ’ ಎಂದು ತೋರಿಸಲು ಸಮಯವಿರುತ್ತದೆ. ಇಂಗ್ಲಿಷಿನ ಡಿಸ್ಚಾರ್ಜ್ ಸಮರಿಯ ಜೊತೆ ಮರಾಠಿಯಲ್ಲೋ ಕನ್ನಡದಲ್ಲೋ ಒಂದು ಹಾಳೆ ಕೊಡಲಿ: ಯಾವ ನಾಳ, ಯಾವ ಸ್ಟೆಂಟ್, ಯಾವ ಮಾತ್ರೆ ಯಾವ ತಿಂಗಳವರೆಗೆ, ಹಳೆಯ ನೋವು ಮರಳಿದರೆ ಯಾರಿಗೆ ಫೋನ್ ಮಾಡಬೇಕು.