ಹಳೇ ಕಾರಿಗೆ ಇಂಜೆಕ್ಷನ್ ಎಂಜಿನ್: ಕಂಪ್ಯೂಟರ್ ಎಲ್ಲವನ್ನೂ ತಾನೇ ಕಲಿಯುತ್ತದೆಯೇ?

1967ರ ಶೆವ್ರೊಲೆ ಕಮಾರೊ. ಬಾನೆಟ್ ಎತ್ತಿದರೆ ಕಾರ್ಬ್ಯುರೇಟರ್ ಇಲ್ಲ. ಇರುವುದು 1990ರ ದಶಕದ ಕೊನೆಯ ಎಲ್‌ಎಸ್1 ವಿ8 ಎಂಜಿನ್. ಪುಟ್ಟ ಡಬ್ಬಿಯೊಂದಕ್ಕೆ ವೈರ್ ಜೋಡಿಸಿ ಕೀ ತಿರುಗಿಸಿದರೆ ಕಾರು ಗುಡುಗುತ್ತದೆ. ಅಮೆರಿಕದ ಗ್ಯಾರೇಜುಗಳ ಇಂಥ ವಿಡಿಯೊಗಳು ನಮ್ಮ ಫೋನುಗಳಿಗೂ ಬರುತ್ತವೆ. ಜತೆಗೊಂದು ಭರವಸೆ: ‘ಈ ಕಂಪ್ಯೂಟರ್ ಹಾಕಿ, ಉಳಿದದ್ದನ್ನು ಅದೇ ಕಲಿತುಕೊಳ್ಳುತ್ತದೆ.’ ಇದು ಅರ್ಧ ಸತ್ಯ. ಉಳಿದರ್ಧ ಗೊತ್ತಿಲ್ಲದಿದ್ದರೆ ಎಂಜಿನ್ನೇ ಹೋಗಬಹುದು.

ಆ ಡಬ್ಬಿಯ ಹೆಸರು ಇಸಿಯು. ಕಾರ್ಬ್ಯುರೇಟರಿನಲ್ಲಿ ಗಾಳಿಯ ಸೆಳೆತಕ್ಕೆ ಪೆಟ್ರೋಲ್ ತಾನಾಗಿ ಬರುತ್ತದೆ. ಇಲ್ಲಿ ಹಾಗಲ್ಲ. ಎಷ್ಟು ಪೆಟ್ರೋಲ್ ಸಿಂಪಡಿಸಬೇಕು, ಕಿಡಿ ಯಾವಾಗ ಹಾರಬೇಕು ಎಂಬೆರಡನ್ನೂ ಇಸಿಯು ನಿರ್ಧರಿಸಬೇಕು. ಅದಕ್ಕಾಗಿ ಅದರೊಳಗೆ ಮಗ್ಗಿಯಂಥ ಕೋಷ್ಟಕಗಳಿರುತ್ತವೆ: ಎಂಜಿನ್ ವೇಗ ಇಷ್ಟು, ಭಾರ ಇಷ್ಟು ಅಂದರೆ ಪೆಟ್ರೋಲ್ ಇಷ್ಟು, ಕಿಡಿ ಇಷ್ಟು ಡಿಗ್ರಿ ಮುಂಚೆ.

‘ತಾನೇ ಕಲಿಯುವ’ ಇಸಿಯುಗಳು ಸಾಮಾನ್ಯವಾಗಿ ಕಲಿಯುವುದು ಪೆಟ್ರೋಲಿನ ಕೋಷ್ಟಕವನ್ನು ಮಾತ್ರ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹೊಗೆ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಈ ಲೆಕ್ಕ ತಪ್ಪಿದ್ದನ್ನು ಹೇಳುತ್ತದೆ, ಇಸಿಯು ತಿದ್ದಿಕೊಳ್ಳುತ್ತದೆ. ಆ ಸೆನ್ಸರನ್ನು ಏಮಾರಿಸುವುದೂ ಸುಲಭ! ಪೈಪಿನ ಜೋಡಣೆಯಲ್ಲಿ ಸಣ್ಣ ಸೋರಿಕೆಯಿದ್ದು ಹೊರಗಿನ ಗಾಳಿ ಒಳಬಂದರೆ, ಪೆಟ್ರೋಲ್ ಸಾಲದು ಎಂದು ತಿಳಿದು ಇಸಿಯು ಸುಮ್ಮನೆ ಇನ್ನಷ್ಟು ಸುರಿಯುತ್ತದೆ.

ಕಿಡಿಯ ಸಮಯ ಸರಿಯಿದೆಯೇ ಎಂಬುದು ಮಾತ್ರ ಈ ಸೆನ್ಸರಿಗೆ ತಿಳಿಯುವುದೇ ಇಲ್ಲ. ಕಿಡಿ ತೀರಾ ಮುಂಚೆ ಹಾರಿದರೆ ಪಿಸ್ಟನ್ ಮೇಲೇರುತ್ತಿರುವಾಗಲೇ ಒತ್ತಡ ಹೆಚ್ಚಿ, ಉರಿಯದೆ ಉಳಿದ ಮಿಶ್ರಣ ಒಮ್ಮೆಲೇ ಸಿಡಿಯುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದನ್ನೇ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಇದು ಮುಂದುವರಿದರೆ ಪಿಸ್ಟನ್ ಒಡೆಯುತ್ತದೆ. ಕಿಡಿಯ ಕೋಷ್ಟಕವನ್ನು ಬಲ್ಲವರೊಬ್ಬರು ಕೂತು ಹೊಂದಿಸಬೇಕು.

ಹಾಗಾದರೆ ಯಾವುದನ್ನು ಆರಿಸಬೇಕು? ಎಂಜಿನ್‌ನ ಒಳಭಾಗ ಬದಲಿಸಿಲ್ಲವೆಂದರೆ, ಅದರ ಜತೆಗೇ ಬಂದ ಕಂಪನಿಯ ಇಸಿಯು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಚಳಿಯಲ್ಲಿ ಸ್ಟಾರ್ಟ್ ಮಾಡುವುದರಿಂದ ಹಿಡಿದು ಎಲ್ಲದಕ್ಕೂ ತಯಾರಕರೇ ಅಂಕಿಗಳನ್ನು ತುಂಬಿರುತ್ತಾರೆ. ಎಲ್‌ಎಸ್1ರಲ್ಲಿ ಎರಡು ನಾಕ್ ಸೆನ್ಸರ್‌ಗಳಿವೆ. ಸದ್ದು ಕೇಳಿದೊಡನೆ ಕಂಪನಿಯ ಇಸಿಯು ಕಿಡಿಯನ್ನು ತಡಮಾಡುತ್ತದೆ. ಆದರೆ ಕಳ್ಳರ ಭಯಕ್ಕೆ ಹಾಕಿದ ಬೀಗ ಅದರೊಳಗೇ ಇರುತ್ತದೆ. ಅದನ್ನು ಸಾಫ್ಟ್‌ವೇರ್‌ನಲ್ಲಿ ತೆಗೆಸದೆ ಗುಜರಿಯಿಂದ ತಂದು ಜೋಡಿಸಿದರೆ ಎಂಜಿನ್ ಓಡುವುದಿಲ್ಲ. ಕ್ಯಾಮ್ ಬದಲಿಸಿದ್ದರೆ, ಟರ್ಬೊ ಹಾಕಿದ್ದರೆ ಹಳೆಯ ಅಂಕಿಗಳು ಹೊಂದುವುದಿಲ್ಲ. ಆಗ ಹೋಲಿ, ಮೆಗಾಸ್ಕ್ವರ್ಟ್‌ನಂಥ ಹೊರಗಿನ ಇಸಿಯು ಅನುಕೂಲ. ಕೊಳ್ಳುವ ಮೊದಲು ಅದನ್ನು ಟ್ಯೂನ್ ಮಾಡಬಲ್ಲವರು ಊರಲ್ಲಿದ್ದಾರೆಯೇ ಎಂದು ವಿಚಾರಿಸಿ. ಬೆಲೆಯ ಮಾತು ಆಮೇಲೆ.

‘ಎಲ್‌ಎಸ್‌ಗೆ ಯಾವ ಎಲ್‌ಎಸ್ ಇಸಿಯು ಆದರೂ ನಡೆಯುತ್ತದೆ’ ಎಂಬುದೂ ಸುಳ್ಳು. ಎಂಜಿನ್ ಎಷ್ಟು ತಿರುಗಿತು ಎಂದು ಇಸಿಯು ತಿಳಿಯುವುದು ಕ್ರ್ಯಾಂಕ್ ಮೇಲಿನ ಹಲ್ಲಿನ ಚಕ್ರದಿಂದ. ಆರಂಭದ ಎಲ್‌ಎಸ್‌ಗಳಲ್ಲಿ ಇದಕ್ಕೆ 24 ಹಲ್ಲು, ನಂತರ ಬಂದವುಗಳಲ್ಲಿ 58. ಒಂದರ ಇಸಿಯು ಇನ್ನೊಂದಕ್ಕೆ ನೇರವಾಗಿ ಹೊಂದದು. 1997ರಿಂದ ಕಾರ್ವೆಟ್‌ನಲ್ಲಿ ಬಂದ ಎಲ್‌ಎಸ್1ರ ಥ್ರಾಟಲ್ ವಿದ್ಯುತ್ತಿನದು; ಮರುವರ್ಷ ಕಮಾರೊದಲ್ಲಿ ಬಂದ ಅದೇ ಎಲ್‌ಎಸ್1ಕ್ಕೆ ಕೇಬಲ್! ಪೆಟ್ರೋಲ್ ಪಂಪನ್ನೂ ಮರೆಯಬೇಡಿ. ಕಾರ್ಬ್ಯುರೇಟರಿಗೆ 4ರಿಂದ 7 ಪಿಎಸ್‌ಐ ಒತ್ತಡ ಸಾಕು, ಎಲ್‌ಎಸ್‌ಗೆ 58 ಬೇಕು. ಹಳೆಯ ರಬ್ಬರ್ ಪೈಪನ್ನೇ ಉಳಿಸಿಕೊಂಡರೆ ಬೆಂಕಿಯ ಅಪಾಯವಿದೆ.

ಅಲ್ಲಿಯೂ ಕಾನೂನಿದೆ. ಕ್ಯಾಲಿಫೋರ್ನಿಯದಲ್ಲಿ 1975 ಮತ್ತು ಅದಕ್ಕಿಂತ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯ ವಿನಾಯಿತಿಯಿದೆ. ಆ ಕಮಾರೊ ಪಾರಾಗುವುದು ಹೀಗೆ. ವಿಡಿಯೊ ನೋಡಿ ಮನೆಯ ಅಂಬಾಸಿಡರ್ ಅಥವಾ ಪದ್ಮಿನಿಗೆ ಬೇರೆ ಎಂಜಿನ್ ಹಾಕಿಸಲು ಹೊರಟವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಬೇಕು. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆ ನಿಷಿದ್ಧ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಎಂಜಿನ್ ನಂಬರ್ ಆರ್‌ಸಿಯಲ್ಲಿರುತ್ತದೆ, ಹಾಗಾಗಿ ಎಂಜಿನ್ ಇಳಿಸುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. 50 ವರ್ಷ ದಾಟಿದ ಕಾರುಗಳಿಗೆ 2021ರಿಂದ ವಿಂಟೇಜ್ ನೋಂದಣಿಯೂ ಸಿಗುತ್ತದೆ. ಅದಕ್ಕೆ ಕಾರು ಮೂಲ ರೂಪದಲ್ಲೇ ಇರಬೇಕು.