ಕಠ್ಮಂಡುವಿನ ಹೊಗೆಗೆ ಬೆಟ್ಟಗಳು ಹೊಣೆಯಲ್ಲ

ಮಾಗಿ ಚಳಿ ಕಾಲಿಟ್ಟಿತೆಂದರೆ ಕಠ್ಮಂಡುವಿನ ಅಧಿಕಾರಿಗಳ ಬಾಯಲ್ಲಿ ಒಂದೇ ಮಾತು: ಕಣಿವೆ ಇರುವುದೇ ಹಾಗೆ, ಮಳೆ ಬಂದರೆ ಸರಿಹೋಗುತ್ತದೆ. ಅಲ್ಲಿಯವರೆಗೆ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನೂ ವಯಸ್ಸಾದವರನ್ನೂ ಹೊರಗೆ ಬಿಡಬೇಡಿ. 2021ರ ಮಾರ್ಚ್ ಕೊನೆಯಲ್ಲಿ ಕಾಡ್ಗಿಚ್ಚಿನ ಹೊಗೆಯೂ ಬಂದು ಸೇರಿಕೊಂಡಾಗ ಸರ್ಕಾರ ಶಾಲೆಗಳಿಗೆ ನಾಲ್ಕು ದಿನ ಬೀಗ ಹಾಕಿಸಿತು. 2025ರ ಏಪ್ರಿಲ್ ಆರಂಭದಲ್ಲಿ ಜಗತ್ತಿನ ಅತ್ಯಂತ ಕಲುಷಿತ ಗಾಳಿಯ ನಗರಗಳ ಪಟ್ಟಿಯಲ್ಲಿ ಕಠ್ಮಂಡು ಮೊದಲ ಸ್ಥಾನಕ್ಕೇರಿತು. ಆಗಲೂ ಜನರಿಗೆ ಸಿಕ್ಕಿದ್ದು ಅದೇ ಉಪದೇಶ.

ಬೆಟ್ಟಗಳ ಪಾತ್ರ ಇಲ್ಲವೇ ಇಲ್ಲ ಎಂದಲ್ಲ. ಸುಮಾರು 1,300 ಮೀಟರ್ ಎತ್ತರದಲ್ಲಿರುವ ಕಣಿವೆಯನ್ನು ಶಿವಪುರಿ, ಫುಲ್‌ಚೋಕಿಯಂಥ 2,700 ಮೀಟರ್ ಮೀರಿದ ಬೆಟ್ಟಗಳು ಸುತ್ತುವರಿದಿವೆ. ಚಳಿಗಾಲದ ರಾತ್ರಿ ನೆಲದ ಗಾಳಿ ತಣ್ಣಗಾಗಿ ತಳದಲ್ಲೇ ಉಳಿಯುತ್ತದೆ, ಮೇಲೆ ಬೆಚ್ಚನೆಯ ಗಾಳಿ ಪಾತ್ರೆಗೆ ಮುಚ್ಚಳ ಹಾಕಿದಂತೆ ಕೂರುತ್ತದೆ. ಹೊಗೆ ಮೇಲೇರುವುದಿಲ್ಲ. ಆದರೆ ಬೆಟ್ಟ ಹೊಗೆಯನ್ನು ತಡೆದು ನಿಲ್ಲಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಹುಟ್ಟಿಸುವುದು ಡೀಸೆಲ್ ಬಸ್ಸು, ಮೋಟಾರ್ ಬೈಕು, ಇಟ್ಟಿಗೆ ಭಟ್ಟಿ, ರಸ್ತೆ ಬದಿಯಲ್ಲಿ ಸುಡುವ ಕಸ.

ಇದು ಸರ್ಕಾರಕ್ಕೆ ಗೊತ್ತಿಲ್ಲವೆ? ಚೆನ್ನಾಗಿ ಗೊತ್ತು. ಗೊತ್ತಿದ್ದೇ ಪೆಟ್ರೋಲು, ಡೀಸೆಲಿನ ಮೇಲೆ ಮಾಲಿನ್ಯ ಶುಲ್ಕ ಹಾಕಿದೆ. ಮೊದಲು ಕಣಿವೆಯೊಳಗೆ ಲೀಟರಿಗೆ 50 ಪೈಸೆ ಇತ್ತು. ಆಮೇಲೆ ಅದನ್ನೇ ಒಂದೂವರೆ ರೂಪಾಯಿಗೆ ಏರಿಸಿ ಇಡೀ ದೇಶಕ್ಕೆ ಹಬ್ಬಿಸಿದರು. ಹಾಗೆ ಸೇರಿದ್ದು ನೂರಾರು ಕೋಟಿ ನೇಪಾಳಿ ರೂಪಾಯಿ. ಗಾಳಿಯ ಹೆಸರಿನಲ್ಲಿ ಎತ್ತಿದ ಈ ದುಡ್ಡು ಗಾಳಿಗಾಗಿ ಖರ್ಚಾಗಲಿಲ್ಲ, ಬೊಕ್ಕಸದಲ್ಲಿ ಬೆರೆತುಹೋಯಿತು. ಬಂಕಿನಲ್ಲಿ ಲೀಟರಿಗೆ ಒಂದೂವರೆ ರೂಪಾಯಿ ಎಣಿಸಿ ಕೊಟ್ಟವನಿಗೇ 'ಮನೆಯಲ್ಲಿರಿ' ಎನ್ನುವುದು ವಂಚನೆ. ಬೇರೆ ಮೆದು ಪದ ಇದಕ್ಕೆ ಸಲ್ಲದು.

ಏನೂ ಮಾಡಲಾಗದು ಎಂಬ ವಾದಕ್ಕೆ ಕಠ್ಮಂಡುವಿನ ಚರಿತ್ರೆಯೇ ಉತ್ತರ ಕೊಡುತ್ತದೆ. ಕಪ್ಪು ಹೊಗೆ ಕಾರುತ್ತಿದ್ದ ಡೀಸೆಲ್ ವಿಕ್ರಮ್ ಟೆಂಪೋಗಳನ್ನು 1999ರಲ್ಲಿ ಕಣಿವೆಯಿಂದ ಹೊರಹಾಕಿದರು. ಅವುಗಳ ಜಾಗದಲ್ಲಿ ಬ್ಯಾಟರಿಯ 'ಸಫಾ ಟೆಂಪೊ' ಓಡಿತು, ಎಷ್ಟೋ ಹೆಣ್ಣುಮಕ್ಕಳು ಅದರ ಚಾಲಕರಾಗಿ ಸಂಸಾರ ಸಾಕಿದರು. ಅದಕ್ಕೂ ಮುಂಚೆ, 1975ರಲ್ಲಿ, ಚೀನಾದ ನೆರವಿನಿಂದ ತ್ರಿಪುರೇಶ್ವರದಿಂದ ಸೂರ್ಯವಿನಾಯಕದವರೆಗೆ 13 ಕಿಲೋಮೀಟರ್ ವಿದ್ಯುತ್ ಟ್ರಾಲಿ ಬಸ್ ಬಂದಿತ್ತು. ಬೆಂಗಳೂರು ಇವತ್ತಿಗೂ ಕಾಣದ ಸವಲತ್ತು ಅದು. ಅದನ್ನು ಕೆಟ್ಟ ಆಡಳಿತ ಕೊಂದಿತು. ಬೆಟ್ಟಗಳು ಅಂದಿಗೂ ಅಲ್ಲೇ ಇದ್ದವು.

2015ರ ಭೂಕಂಪದಲ್ಲಿ ಕಣಿವೆಯ ಎಷ್ಟೋ ಭಟ್ಟಿಗಳ ಚಿಮಣಿಗಳು ಉರುಳಿಬಿದ್ದವು. ಮತ್ತೆ ಕಟ್ಟುವಾಗ ಪರ್ವತ ಪ್ರದೇಶಗಳ ಅಭಿವೃದ್ಧಿಗೆ ದುಡಿಯುವ ಇಸಿಮೋಡ್ ಸಂಸ್ಥೆಯ ತಂತ್ರಜ್ಞರು ಹಸಿ ಇಟ್ಟಿಗೆಗಳನ್ನು ಅಂಕುಡೊಂಕಾಗಿ ಜೋಡಿಸಿ ಬಿಸಿಗಾಳಿ ಸುತ್ತಿ ಹೋಗುವ ವಿನ್ಯಾಸ ತೋರಿಸಿಕೊಟ್ಟರು. ಕಲ್ಲಿದ್ದಲೂ ಉಳಿಯಿತು, ಹೊಗೆಯೂ ತಗ್ಗಿತು. ಭಟ್ಟಿಯ ಮಾಲೀಕರು ಕಲಿತದ್ದನ್ನು ಮಂತ್ರಿಗಳು ಕಲಿಯಲಿಲ್ಲ. 300 ವಿದ್ಯುತ್ ಬಸ್ ತರುತ್ತೇವೆಂದು 2018ರಲ್ಲಿ ಘೋಷಿಸಿದರು. ನಾಲ್ಕು ವರ್ಷ ಕಳೆದ ಮೇಲೆ ಸಾಝಾ ಯಾತಾಯಾತ್ ಸಾರಿಗೆ ಸಂಸ್ಥೆ ಬೀದಿಗಿಳಿಸಿದ್ದು 40. ಈಗಲೂ ಕಠ್ಮಂಡುವಿನ ಕಲಂಕಿಯ ಏರಿನಲ್ಲಿ ಹಳೆಯ ಮಿನಿಬಸ್ಸು ಗೇರು ಬದಲಿಸಿದರೆ ಹಿಂದಿನ ಬೈಕಿನವನ ಮುಖಕ್ಕೆ ಮಸಿ ಎರಚುತ್ತದೆ. ಆ ಬಸ್ಸಿನ ಗಾಜಿನ ಮೇಲೆ ಹೊಗೆ ತಪಾಸಣೆಯಲ್ಲಿ ಪಾಸಾದ ಹಸಿರು ಚೀಟಿ ಅಂಟಿರುತ್ತದೆ.

ಈ ರೋಗ ನೇಪಾಳದ್ದು ಮಾತ್ರವಲ್ಲ. ದೆಹಲಿಯೊಳಗೆ ಬರುವ ಲಾರಿಗಳಿಂದ ಸುಪ್ರೀಂ ಕೋರ್ಟಿನ ಆದೇಶದಂತೆ 2015ರಿಂದ ಪರಿಸರ ಶುಲ್ಕ ಎತ್ತಲಾಗುತ್ತಿದೆ. ಅದರ ಬಹುಪಾಲು ಖರ್ಚಾಗದೆ ವರ್ಷಗಟ್ಟಲೆ ಕೊಳೆಯಿತು. ನಮ್ಮ ಸರ್ಕಾರಗಳಿಗೆ ಸೆಸ್ ಎತ್ತಲು ಇರುವ ಕೈ ಕೆಲಸ ಮಾಡಲು ಇಲ್ಲ. ಬಡವನ ಪುಪ್ಪುಸದ ಹೆಸರಿನಲ್ಲಿ ವಸೂಲಿ ಮಾಡಿ, ಆ ಪುಪ್ಪುಸವನ್ನು ಹವಾಮಾನ ಇಲಾಖೆಯ ಕೈಗೆ ಒಪ್ಪಿಸಿಬಿಡುತ್ತಾರೆ.

ಕಠ್ಮಂಡುವಿನ ಪಶುಪತಿನಾಥನ ಪೂಜೆಗೆ ಕರ್ನಾಟಕದ ಭಟ್ಟರು ತಲೆಮಾರುಗಳಿಂದ ಹೋಗಿ ನೆಲೆಸಿದ್ದಾರೆ, ಕನ್ನಡದ ಯಾತ್ರಿಕರು ವರ್ಷವಿಡೀ ಹೋಗಿಬರುತ್ತಾರೆ. ಬೇಸಿಗೆ ರಜೆಯ ಮುನ್ನ ಹೋದವರಿಗೆ ಹಿಮಾಲಯ ಕಾಣುವುದಿಲ್ಲ, ಗಂಟಲು ಉರಿಯುತ್ತದೆ. ಅವರು ವಾಪಸು ಬಂದು ಕೆಮ್ಮು ವಾಸಿ ಮಾಡಿಕೊಳ್ಳಬಹುದು. ಅಲ್ಲೇ ಹುಟ್ಟಿದ ಮಗು ಎಲ್ಲಿಗೆ ಹೋಗಬೇಕು? ಗಾಳಿಯ ಮಾಲಿನ್ಯದಿಂದ ನೇಪಾಳದಲ್ಲಿ ವರ್ಷಕ್ಕೆ ಸುಮಾರು 26,000 ಜನ ಅಕಾಲದಲ್ಲಿ ಸಾಯುತ್ತಾರೆಂದು ವಿಶ್ವಬ್ಯಾಂಕಿನ 2025ರ ವರದಿ ಹೇಳಿದೆ. ಸರಾಸರಿ ಆಯುಷ್ಯದಲ್ಲಿ 3.4 ವರ್ಷ ಕಡಿತ.

ನೇಪಾಳ ಸರ್ಕಾರ ಇನ್ನು ಮುಂದೆ ಮಾಸ್ಕಿನ ಮಾತಾಡುವ ಮೊದಲು ಆ ಲೀಟರಿನ ಒಂದೂವರೆ ರೂಪಾಯಿಯ ಲೆಕ್ಕ ಕೊಡಲಿ. ಇಷ್ಟು ವರ್ಷ ಎಷ್ಟು ಬಂತು, ಎಲ್ಲಿಗೆ ಹೋಯಿತು ಎಂದು ಸಂಸತ್ತಿನಲ್ಲಿ ಹೇಳಲಿ. ಉಳಿದ 260 ಬಸ್ಸುಗಳನ್ನು ಅದೇ ದುಡ್ಡಿನಲ್ಲಿ ತರಲಿ.